ಮದ್ಯಪಾನ ಮತ್ತು ರಕ್ತದ ಕಬ್ಬಿಣ

ವಿಪರೀತ ಮದ್ಯಪಾನ ದೇಹದ ಕಬ್ಬಿಣವನ್ನು ಎರಡು ವಿರುದ್ಧ ದಿಕ್ಕುಗಳಿಗೆ ಎಳೆಯುತ್ತದೆ. ಒಂದು ಕಡೆ ಕರುಳು ಊಟದಿಂದ ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಹೀರುವಂತೆ ಮಾಡಿ ಅದನ್ನು ಯಕೃತ್ತಿನಲ್ಲಿ ಗುಡ್ಡೆ ಹಾಕುತ್ತದೆ. ಇನ್ನೊಂದು ಕಡೆ ಹೊಟ್ಟೆ, ಅನ್ನನಾಳಗಳಿಂದ ರಕ್ತ ಸೋರಿಸಿ, ಊಟ ಕೆಡಿಸಿ, ರಕ್ತ ತಯಾರಿಸುವ ಮೂಳೆಮಜ್ಜೆಯನ್ನು ಮಂಕುಗೊಳಿಸಿ ರಕ್ತಹೀನತೆ ತರುತ್ತದೆ. ಹೀಗಾಗಿ ಹಿಮೋಗ್ಲೋಬಿನ್ ಕಡಿಮೆ, ಕಬ್ಬಿಣ ಹೆಚ್ಚು ಎಂಬ ವಿಚಿತ್ರ ಜೋಡಿ ಒಬ್ಬನದೇ ರಕ್ತವರದಿಯಲ್ಲಿ ಕಾಣಿಸಿಕೊಳ್ಳಬಹುದು. ಕುಡಿತ ಬಿಟ್ಟ ಮೇಲೆ ಈ ಅಂಕಿಗಳು ಒಟ್ಟಿಗೆ ಸರಿಹೋಗುವುದಿಲ್ಲ. ಕೆಲವು ದಿನಗಳಲ್ಲಿ, ಕೆಲವು ವಾರಗಳಲ್ಲಿ, ಇನ್ನು ಕೆಲವು ತಿಂಗಳುಗಳಲ್ಲಿ ತಮ್ಮ ಜಾಗಕ್ಕೆ ಮರಳುತ್ತವೆ.

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಯಾರಾದರೂ ಬಿಳಿಚಿಕೊಂಡು ನಾಲ್ಕು ಹೆಜ್ಜೆಗೆ ಏದುಸಿರು ಬಿಟ್ಟರೆ ಜನ ಹೇಳುವ ಮಾತು ಒಂದೇ: ‘ರಕ್ತ ಕಮ್ಮಿಯಾಗಿದೆ’. ಆಸ್ಪತ್ರೆಗೆ ಹೋಗಿ ಬಂದವರು ಅದಕ್ಕೊಂದು ಲೆಕ್ಕವನ್ನೂ ಕೊಡುತ್ತಾರೆ: ‘ಎಂಟು ಪಾಯಿಂಟ್ ಇದೆಯಂತೆ’. ಪಾಯಿಂಟ್ ಎಂದರೆ 100 ಮಿಲಿಲೀಟರ್ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ತೂಕ, ಗ್ರಾಂಗಳಲ್ಲಿ. ಪಾಯಿಂಟ್ ಇಳಿದರೆ ಟಾನಿಕ್ಕು, ಕಬ್ಬಿಣದ ಮಾತ್ರೆ ಎಂಬುದು ರೂಢಿ. ಬಸುರಿ ಹೆಂಗಸಿಗೆ, ಬೆಳೆಯುವ ಹುಡುಗಿಗೆ ಈ ರೂಢಿ ಬಹುಪಾಲು ಸರಿಯೇ. ದಿನವೂ ಕುಡಿಯುವವನ ಮಟ್ಟಿಗೆ ಇದೇ ತಪ್ಪು ದಾರಿಯಾಗಬಹುದು. ಅವನ ಎಂಟು ಪಾಯಿಂಟಿನ ಹಿಂದೆ ಕಬ್ಬಿಣದ ಕೊರತೆ ಇರಬಹುದು, ಇಲ್ಲದೆಯೂ ಇರಬಹುದು, ಕಬ್ಬಿಣ ಮಿತಿಮೀರಿಯೂ ಇರಬಹುದು.

ದೇಹದ ಕಬ್ಬಿಣದ ಲೆಕ್ಕ

ಈ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಹೆಂಡವೂ ಉಂಟು, ಕಬ್ಬಿಣವೂ ಉಂಟು. ಮಂಟೇಸ್ವಾಮಿ ಹೆಂಡದ ಗಡಿಗೆ ಹೊತ್ತು ಕಲ್ಯಾಣಕ್ಕೆ ಬರುತ್ತಾರೆ. ಅವರ ಶಿಷ್ಯ ಸಿದ್ಧಪ್ಪಾಜಿ ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆ ಬೇಡುತ್ತ ಹಲಗೂರಿನ ಪಾಂಚಾಳರ ಬಳಿಗೆ ಹೋಗುತ್ತಾರೆ, ಸುಲಭಕ್ಕೆ ಸಿಗದೆ ಪರೀಕ್ಷೆಗೆ ಒಳಗಾಗುತ್ತಾರೆ. ದೇಹದ ಪಾಡೂ ಹೆಚ್ಚುಕಡಿಮೆ ಹೀಗೆಯೇ. ಅದು ಕಬ್ಬಿಣವನ್ನು ತಾನೇ ತಯಾರಿಸಲಾರದು, ಊಟದಿಂದ ಚೂರುಚೂರಾಗಿ ಬೇಡಿ ಪಡೆಯಬೇಕು.

ವಯಸ್ಕನ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ಕೆಂಪುಕಣಗಳ ಹಿಮೋಗ್ಲೋಬಿನ್‌ನಲ್ಲೇ ಇದೆ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಹಳೆಯ ಕಣಗಳನ್ನು ಒಡೆದು ಅವುಗಳ ಕಬ್ಬಿಣವನ್ನು ಹೊಸ ಕಣಗಳಿಗೆ ಹಾಕುವ ಕೆಲಸ ದಿನವೂ ನಡೆಯುತ್ತದೆ. ಹೀಗೆ ಮರುಬಳಕೆಯಾಗುವುದು ದಿನಕ್ಕೆ 20ರಿಂದ 25 ಮಿಲಿಗ್ರಾಂ. ಹೊರಗಿನಿಂದ ಬರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಚರ್ಮ, ಕರುಳಿನ ಒಳಪದರ ಉದುರುವಾಗ ಹೋಗುವುದೂ ಅಷ್ಟೇ. ಹೆಚ್ಚಾದ ಕಬ್ಬಿಣವನ್ನು ಹೊರಗೆ ತಳ್ಳುವ ದಾರಿ ದೇಹಕ್ಕಿಲ್ಲ. ಒಳಗೆ ಬಂದದ್ದು ರಕ್ತಸ್ರಾವವಾಗದ ಹೊರತು ಒಳಗೇ ಉಳಿಯುತ್ತದೆ.

ಆದ್ದರಿಂದ ನಿಯಂತ್ರಣವೆಲ್ಲ ಪ್ರವೇಶದ್ವಾರದಲ್ಲಿ. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟುಗಳಲ್ಲಿ ರಾತ್ರಿ 9ಕ್ಕೆ ಗೇಟು ಬಿದ್ದರೆ ಮತ್ತೆ ಏಳುವುದು ಬೆಳಗ್ಗೆ 6ಕ್ಕೆ. ಸಣ್ಣಕರುಳಿನ ಮೊದಲ ಭಾಗದಲ್ಲಿ ಇಂಥದೇ ಗೇಟುಗಳಿವೆ. ಅಲ್ಲಿನ ಜೀವಕೋಶಗಳಿಂದ ಕಬ್ಬಿಣವನ್ನು ರಕ್ತಕ್ಕೆ ಬಿಡುವ ಪ್ರೋಟೀನಿನ ಹೆಸರು ಫೆರೋಪೋರ್ಟಿನ್. ಆ ಗೇಟನ್ನು ಮುಚ್ಚಿಸುವ ಹಾರ್ಮೋನು ಹೆಪ್ಸಿಡಿನ್, ಅದನ್ನು ತಯಾರಿಸುವುದು ಯಕೃತ್ತು. ಕೇವಲ 25 ಅಮೈನೋ ಆಮ್ಲಗಳ ಈ ಪುಟ್ಟ ಹಾರ್ಮೋನು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 2000ದ ಆಸುಪಾಸಿನಲ್ಲಿ. ದೇಹದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಹೆಪ್ಸಿಡಿನ್ ಏರುತ್ತದೆ, ಗೇಟು ಬೀಳುತ್ತದೆ. ಕೊರತೆಯಾದಾಗ ಇಳಿಯುತ್ತದೆ, ಗೇಟು ತೆರೆಯುತ್ತದೆ. ಒಳಗೆ ಬಂದ ಕಬ್ಬಿಣವನ್ನು ಸಾಗಿಸುವ ಗಾಡಿ ಟ್ರಾನ್ಸ್‌ಫೆರಿನ್, ಕೂಡಿಡುವ ಉಗ್ರಾಣ ಫೆರಿಟಿನ್. ಫೆರಿಟಿನ್ ಅನ್ನು ಕುದುರೆಯ ಗುಲ್ಮದಿಂದ ಮೊದಲು ಬೇರ್ಪಡಿಸಿದವನು ಚೆಕ್ ವಿಜ್ಞಾನಿ ವಿಲೆಮ್ ಲೌಫ್‌ಬರ್ಗರ್, 1937ರಲ್ಲಿ.

ಏರುವ ಕಬ್ಬಿಣ

ಮದ್ಯದ ಮುಖ್ಯ ಪೆಟ್ಟು ಬೀಳುವುದು ಹೆಪ್ಸಿಡಿನ್ ಮೇಲೆ. ಯಕೃತ್ತು ಮದ್ಯವನ್ನು ಒಡೆಯುವಾಗ ಹುಟ್ಟುವ ಉಪದ್ರವಕಾರಿ ಆಮ್ಲಜನಕ ಕಣಗಳು ಹೆಪ್ಸಿಡಿನ್ ತಯಾರಿಕೆಯನ್ನು ತಗ್ಗಿಸುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ವಿಪರೀತ ಕುಡಿಯುವ ಮನುಷ್ಯರಲ್ಲೂ ಹೆಪ್ಸಿಡಿನ್ ಕಡಿಮೆ ಇರುತ್ತದೆ. ಕಾವಲುಗಾರ ಮಲಗಿದ, ಗೇಟು ತೆರೆದೇ ಉಳಿಯಿತು. ಉಗ್ರಾಣ ತುಂಬಿದ್ದರೂ ಕಬ್ಬಿಣ ಒಳಗೆ ಬರುತ್ತಲೇ ಇರುತ್ತದೆ.

ಗಮನಿಸಬೇಕಾದ್ದು ಏನೆಂದರೆ, ಅಂಗಡಿಯಲ್ಲಿ ಸಿಗುವ ಬ್ರಾಂದಿ, ವಿಸ್ಕಿ, ರಮ್ಮಿನಲ್ಲಿ ಹೆಸರಿಗೆ ಸಿಕ್ಕುವಷ್ಟೂ ಕಬ್ಬಿಣ ಇರುವುದಿಲ್ಲ. ಏರುವ ಕಬ್ಬಿಣ ಬಾಟಲಿಯಿಂದ ಬಂದದ್ದಲ್ಲ, ತಟ್ಟೆಯಿಂದ ಬಂದದ್ದು. ಇದಕ್ಕೆ ತೀರ ಭಿನ್ನವಾದದ್ದು ಆಫ್ರಿಕದ ದಕ್ಷಿಣ ಭಾಗದ ಅನುಭವ. ಅಲ್ಲಿನ ಹಳ್ಳಿಗಳಲ್ಲಿ ಬಿಯರನ್ನು ಕಬ್ಬಿಣದ ಪಾತ್ರೆ, ಡ್ರಮ್ಮುಗಳಲ್ಲಿ ಹುಳಿಹಾಕುತ್ತಿದ್ದರು. ಹುಳಿ ಕಬ್ಬಿಣವನ್ನು ಕರಗಿಸಿ ಪಾನೀಯಕ್ಕೇ ಸೇರಿಸುತ್ತಿತ್ತು. ಹೀಗೆ ಯಕೃತ್ತು ಕಬ್ಬಿಣದಿಂದ ತುಂಬಿಹೋದವರ ವಿವರ ಜೋಹಾನ್ಸ್‌ಬರ್ಗ್‌ನಿಂದ 1929ರಷ್ಟು ಹಿಂದೆಯೇ ವರದಿಯಾಗಿತ್ತು.

ಎಷ್ಟು ಕುಡಿದರೆ ‘ವಿಪರೀತ’? ಗುಂಡ್ಲುಪೇಟೆಯ ಬಸ್‌ಸ್ಟಾಂಡ್ ಪಕ್ಕದಲ್ಲಾಗಲಿ ಬೆಂಗಳೂರಿನಲ್ಲಾಗಲಿ ‘ಕ್ವಾರ್ಟರ್’ ಎಂದರೆ 180 ಮಿಲಿಲೀಟರ್. ಬಾಟಲಿಯ ಮೇಲೆ ನಮೂದಾಗಿರುವ ಪ್ರಮಾಣ ಶೇ 42.8. ಅಂದರೆ ಒಂದು ಕ್ವಾರ್ಟರಿನಲ್ಲಿ ಅಪ್ಪಟ ಮದ್ಯಸಾರ 77 ಮಿಲಿಲೀಟರ್, ತೂಕದಲ್ಲಿ ಸುಮಾರು 61 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಹೆಚ್ಚು ಸೇವಿಸಿದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಭಾರಿ ಕುಡಿತ. ‘ದಿನಾ ಒಂದೇ ಒಂದು ಕ್ವಾರ್ಟರ್, ಜಾಸ್ತಿ ಇಲ್ಲ’ ಎನ್ನುವವನು ದಿನಾ ಆ ಗೆರೆ ದಾಟುತ್ತಿರುತ್ತಾನೆ. 90 ಮಿಲಿಲೀಟರಿನ ಪ್ಯಾಕೆಟ್ಟು ಅದರ ಅರ್ಧ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯ ಮಾಹಿತಿಯ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಮುಖ್ಯ. ಕುಡಿಯದವರಿಗಿಂತ ಕುಡಿಯುವವರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಸುಮಾರು ಶೇ 40ರಷ್ಟು ಕಡಿಮೆ ಕಂಡಿತು. ದಿನಕ್ಕೆ ಎರಡು ಪೆಗ್ಗಿಗಿಂತ ಹೆಚ್ಚು ಕುಡಿಯುವವರಲ್ಲಿ ಕಬ್ಬಿಣ ಮಿತಿಮೀರಿದ ಗುರುತುಗಳು ಹೆಚ್ಚಾಗಿದ್ದವು. ‘ಸ್ವಲ್ಪ ಕುಡಿದರೆ ರಕ್ತ ಹೆಚ್ಚುತ್ತದೆ’ ಎಂಬ ಮಾತಿಗೆ ಇದನ್ನು ಆಧಾರ ಮಾಡಿಕೊಳ್ಳುವಂತಿಲ್ಲ. ಹೆಚ್ಚುವುದು ರಕ್ತವಲ್ಲ, ದಾಸ್ತಾನು. ಆ ದಾಸ್ತಾನು ಮದ್ಯದಿಂದ ಮೊದಲೇ ನೊಂದ ಯಕೃತ್ತಿನಲ್ಲಿ ಕುಳಿತು, ಅಲ್ಲಿನ ಜೀವಕೋಶಗಳನ್ನು ಇನ್ನಷ್ಟು ಸುಟ್ಟು, ನಾರುಗಟ್ಟುವಿಕೆಯನ್ನು ಚುರುಕುಗೊಳಿಸುತ್ತದೆ. ಮದ್ಯ ಮತ್ತು ಕಬ್ಬಿಣ ಯಕೃತ್ತಿನ ಮಟ್ಟಿಗೆ ಒಂದೇ ಗಾಯಕ್ಕೆ ಎರಡು ಕಡೆಯಿಂದ ಉಪ್ಪು ಸುರಿಯುವ ಜೊತೆಗಾರರು.

ಇಳಿಯುವ ರಕ್ತ

ಇಷ್ಟು ಕಬ್ಬಿಣವಿದ್ದೂ ರಕ್ತ ಏಕೆ ಕಡಿಮೆಯಾಗುತ್ತದೆ? ಈ ಒಗಟಿನ ಒಂದು ಎಳೆಯನ್ನು 1964ರಲ್ಲಿ ಬಿಡಿಸಿ ತೋರಿಸಿದವರು ಅಮೆರಿಕದ ವೈದ್ಯರಾದ ಲೂಯಿಸ್ ಸಲಿವನ್ ಮತ್ತು ವಿಕ್ಟರ್ ಹರ್ಬರ್ಟ್. ಮದ್ಯ ಕೊಡುತ್ತಿದ್ದಷ್ಟು ದಿನ ರೋಗಿಯ ಮೂಳೆಮಜ್ಜೆ ಫೋಲೇಟ್ ವಿಟಮಿನ್ನಿಗೂ ಸರಿಯಾಗಿ ಓಗೊಡಲಿಲ್ಲ. ಮದ್ಯ ನಿಲ್ಲಿಸಿದೊಡನೆ ಹೊಸ ಕೆಂಪುಕಣಗಳು ಹೊರಬರತೊಡಗಿದವು. ಮಜ್ಜೆ ಕೆಲಸ ನಿಲ್ಲಿಸಿದಾಗ ಬಳಕೆಯಾಗದ ಕಬ್ಬಿಣ ರಕ್ತದಲ್ಲಿ ನಿಂತು ಅಂಕಿ ಏರುತ್ತದೆ. ಮಜ್ಜೆ ಎಚ್ಚೆತ್ತಾಗ ಅದು ಕಬ್ಬಿಣವನ್ನು ಎಳೆದುಕೊಂಡು ಅಂಕಿ ಇಳಿಯುತ್ತದೆ.

ಮಜ್ಜೆಯಲ್ಲಿ ಇನ್ನೊಂದು ಬಗೆಯ ಎಡವಟ್ಟೂ ಆಗುತ್ತದೆ. ಕಬ್ಬಿಣವನ್ನು ಹಿಮೋಗ್ಲೋಬಿನ್‌ಗೆ ಜೋಡಿಸಲು ಬಿ6 ವಿಟಮಿನ್ನಿನ ನೆರವು ಬೇಕು. ಮದ್ಯ ಅದಕ್ಕೆ ಅಡ್ಡಬರುತ್ತದೆ. ಆಗ ಕಬ್ಬಿಣ ಎಳೆಯ ಕೆಂಪುಕಣದ ಕೋಶಕೇಂದ್ರದ ಸುತ್ತ ಮಣಿಸರದಂತೆ ಉಂಗುರಗಟ್ಟಿ ಕೂರುತ್ತದೆ. ವಿಶೇಷ ನೀಲಿ ಬಣ್ಣ ಹಾಕಿದ ಮಜ್ಜೆಯ ಗಾಜುಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಈ ನೀಲಿ ಮಣಿಗಳು ಎದ್ದುಕಾಣುತ್ತವೆ. ಇದಕ್ಕೆ ಸೈಡರೋಬ್ಲಾಸ್ಟಿಕ್ ರಕ್ತಹೀನತೆ ಎಂದು ಹೆಸರು. ಗದ್ದೆಯ ಬದುವಿನಲ್ಲಿ ಗೊಬ್ಬರದ ಚೀಲಗಳು ಬಿದ್ದಿದ್ದರೂ ಪೈರಿಗೆ ಸಿಗದ ಸ್ಥಿತಿ.

ನಿಜವಾದ ಕೊರತೆಯೂ ಆಗುತ್ತದೆ. ಜಠರದ ಒಳಪದರ ಹುಣ್ಣಾಗಿ ದಿನವೂ ಸ್ವಲ್ಪಸ್ವಲ್ಪ ರಕ್ತ ಸೋರಬಹುದು. ಯಕೃತ್ತು ಗಟ್ಟಿಯಾದವರಲ್ಲಿ ಅನ್ನನಾಳದ ಸಿರೆಗಳು ಉಬ್ಬಿ, ಒಮ್ಮೆಲೇ ಒಡೆದು, ಬೋಸಿಗಟ್ಟಲೆ ರಕ್ತವಾಂತಿಯಾಗಬಹುದು. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ದಿನಕ್ಕೆ ಎರಡು ಮೂರು ಚಮಚೆಯಷ್ಟು ಸೋರಿದರೂ ತೆರೆದ ಗೇಟಿನಿಂದ ಬರುವ ಕಬ್ಬಿಣ ಅದಕ್ಕೆ ಸಾಟಿಯಾಗದು. ಟಾರಿನಂತೆ ಕಪ್ಪಗೆ, ಅಂಟಂಟಾಗಿ ಮಲ ಹೋಗುವುದು ರಕ್ತ ಇನ್ನೂ ಹೆಚ್ಚು ಸೋರುತ್ತಿರುವುದರ ಗುರುತು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಕುಡಿಯುವವನೊಬ್ಬ ತಾನೇ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದರೆ ಒಳಗಿನ ರಕ್ತಸ್ರಾವ ‘ಮಾತ್ರೆಯಿಂದಿರಬೇಕು’ ಎಂಬ ಸಮಾಧಾನದ ಹಿಂದೆ ಅಡಗಿಹೋಗಬಹುದು.

ಬಂಡೀಪುರ ಸೀಮೆಯ ಚಿತ್ರ

ಗುಂಡ್ಲುಪೇಟೆ ತಾಲ್ಲೂಕು ಚೆಂಡುಹೂವು, ಸೂರ್ಯಕಾಂತಿ, ಈರುಳ್ಳಿ, ಬಾಳೆಯ ನಾಡು. ಒಂದು ಪಕ್ಕ ಕೇರಳ, ಇನ್ನೊಂದು ಪಕ್ಕ ತಮಿಳುನಾಡು. ಮೈಸೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲಿ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರ ಪೋಡು, ಹಾಡಿ, ಕಾಲೋನಿಗಳಿವೆ. ಹೊಲಗೆಲಸ, ಕಾಡಿನ ಕಿರು ಉತ್ಪನ್ನ, ಕೂಲಿ ಇಲ್ಲಿನವರ ಬದುಕು.

ರಾಜ್ಯದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಷೇಧವಾಯಿತು. ಅದುವರೆಗೆ ಕೂಲಿಯವರ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಪಾಕೀಟು ಸಾರಾಯಿ. ನಿಷೇಧದ ನಂತರ ಆ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ ಸಣ್ಣ ಪ್ಯಾಕೆಟ್ಟು, ಬಾಟಲಿಗಳು ಬಂದವು. ಕಬ್ಬಿಣದ ಲೆಕ್ಕದಲ್ಲಿ ಇದರಿಂದ ಬದಲಾದದ್ದು ಏನೂ ಇಲ್ಲ. ಹೆಪ್ಸಿಡಿನ್ ತಗ್ಗಿಸುವುದು ಮದ್ಯಸಾರ, ಲೇಬಲ್ ಅಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ ಶೇ 19.6. ಮದ್ಯ ಕುಡಿಯುವವರು 15 ದಾಟಿದ ಗಂಡಸರಲ್ಲಿ ಶೇ 16.5, ಹೆಂಗಸರಲ್ಲಿ ಶೇ 1ಕ್ಕೂ ಕಡಿಮೆ. ಗಂಡನ ಕೂಲಿ ಬಾರಿಗೆ ಹೋಗುವ ಮನೆಯಲ್ಲಿ ಸೊಪ್ಪು, ಕಾಳು, ಮೊಟ್ಟೆ ಕಡಿಮೆಯಾಗುವುದು ಹೆಂಡತಿ ಮಕ್ಕಳ ತಟ್ಟೆಯಲ್ಲಿ. ಒಂದೇ ಸೂರಿನಡಿ ಅವನ ಫೆರಿಟಿನ್ ಉಕ್ಕುತ್ತಿರಬಹುದು, ಅವಳದು ತಳ ಕಂಡಿರಬಹುದು. ಇಬ್ಬರೂ ಆಸ್ಪತ್ರೆಯಲ್ಲಿ ಕೇಳಿಸಿಕೊಳ್ಳುವುದು ಮಾತ್ರ ಒಂದೇ ಮಾತು, ರಕ್ತ ಕಮ್ಮಿ.

ಈ ಜಿಲ್ಲೆಯಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವಿದೆ, ಕುಡುಗೋಲುಕಣ ರಕ್ತಹೀನತೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಕೆಲಸ ಮಾಡುತ್ತ ಅವರಲ್ಲಿ ಈ ಆನುವಂಶಿಕ ಕಾಯಿಲೆ ಇರುವುದನ್ನು ಗುರುತಿಸಿತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡುಗೋಲುಕಣ ರಕ್ತಹೀನತೆ ನಿರ್ಮೂಲನ ಅಭಿಯಾನ ಈ ಜಿಲ್ಲೆಯನ್ನೂ ಒಳಗೊಂಡಿದೆ. ಈ ಕಾಯಿಲೆಯಲ್ಲಿ ಕೆಂಪುಕಣಗಳು ಬೇಗ ಒಡೆಯುವುದರಿಂದ ಹಿಮೋಗ್ಲೋಬಿನ್ ಇಳಿಯುತ್ತದೆ. ಒಡೆದ ಕಣಗಳ ಕಬ್ಬಿಣ ಮಾತ್ರ ಒಳಗೇ ಉಳಿಯುತ್ತದೆ. ಪದೇಪದೇ ರಕ್ತ ಹಾಕಿಸಿಕೊಂಡವರಲ್ಲಂತೂ ಅದು ಹೆಚ್ಚುತ್ತ ಹೋಗುತ್ತದೆ. ಇಂಥವರು ಕುಡಿಯುವವರೂ ಆಗಿದ್ದರೆ ಪರೀಕ್ಷೆಯಿಲ್ಲದೆ ಕಬ್ಬಿಣ ಕೊಡುವುದು ಸಲ್ಲದು. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರ ಕರುಳಿಗೆ ಸೇರಿ ರಕ್ತ ಹೀರುವ ಕೊಕ್ಕೆಹುಳು ಕಬ್ಬಿಣವನ್ನು ಇಳಿಸುವ ಮತ್ತೊಂದು ಕಾರಣ.

ಊಟದ ಮಟ್ಟಿಗೆ ಈ ಸೀಮೆ ಬಡದೇನಲ್ಲ. ರಾಗಿ, ಹುರುಳಿ, ಅವರೆ, ಬೆರಕೆ ಸೊಪ್ಪು ಎಲ್ಲದರಲ್ಲೂ ಕಬ್ಬಿಣವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ, ಹುರುಳಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಆದರೆ ಕಾಳುಕಡ್ಡಿಯ ಕಬ್ಬಿಣವನ್ನು ಅದರಲ್ಲೇ ಇರುವ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆಗೆ ಕುಡಿದ ಟೀ ಇನ್ನಷ್ಟು ತಡೆಯುತ್ತದೆ. ಸಿ ವಿಟಮಿನ್ ಈ ಹಿಡಿತವನ್ನು ಬಿಡಿಸುತ್ತದೆ. ಸೋಲಿಗರು ಕಾಡಿನಿಂದ ಆಯ್ದು ತರುವ ಬೆಟ್ಟದ ನೆಲ್ಲಿಕಾಯಿ ಆ ಕೆಲಸಕ್ಕೆ ಹೇಳಿಮಾಡಿಸಿದ್ದು. ಕೊರತೆ ಇರುವವಳಿಗೆ ಮುದ್ದೆ, ಹುರುಳಿ ಸಾರಿನ ಜೊತೆ ನೆಲ್ಲಿಕಾಯಿ ಒಳ್ಳೆಯ ಜೋಡಿ. ಕುಡಿದು ಫೆರಿಟಿನ್ ಏರಿಸಿಕೊಂಡವನು ಸಿ ವಿಟಮಿನ್ ಮಾತ್ರೆಗಳನ್ನು ತಾನಾಗಿ ನುಂಗುವುದು ಒಳ್ಳೆಯದಲ್ಲ.

ಬೆರಳಹನಿಯೂ ಪೂರ್ತಿ ಪರೀಕ್ಷೆಯೂ

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಸಾಹ್ಲಿ ವಿಧಾನ. ಬೆರಳು ಚುಚ್ಚಿ, ತೆಳು ನಳಿಗೆಯಲ್ಲಿ 20 ಮೈಕ್ರೋಲೀಟರ್ ರಕ್ತ ಹೀರಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವಿರುವ ಗಾಜಿನ ಕೊಳವೆಗೆ ಊದಿದರೆ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಭಟ್ಟಿನೀರನ್ನು ಹನಿಹನಿಯಾಗಿ ಬೆರೆಸಿ, ಕೊಳವೆಯ ಗೆರೆ ಓದಿದರೆ ಪಾಯಿಂಟ್ ಸಿಕ್ಕಿತು. ಈಗ ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಯಂತ್ರ ಬಂದಿದೆ. ಎರಡೂ ನೋಡುವುದು ಹಿಮೋಗ್ಲೋಬಿನ್‌ನ ಬಣ್ಣವನ್ನಷ್ಟೆ. ಉಗ್ರಾಣದಲ್ಲಿ ಎಷ್ಟಿದೆ ಎಂಬುದು ಅವಕ್ಕೆ ಕಾಣದು.

ಗಂಡಸಿಗೆ 13, ಬಸುರಿಯಲ್ಲದ ಹೆಂಗಸಿಗೆ 12, ಬಸುರಿಗೆ 11 ಪಾಯಿಂಟಿಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುವುದು ರೂಢಿಯ ಗಡಿ. ಉಗ್ರಾಣ ತಿಳಿಯಲು ಫೆರಿಟಿನ್ ಪರೀಕ್ಷೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಕೊರತೆ. ಸೋಂಕು ಅಥವಾ ಉರಿಯೂತ ಇದ್ದಾಗ 70ರ ಕೆಳಗೇ ಕೊರತೆ ಎಂದು ಎಣಿಸಬೇಕು. ಉರಿಯೂತವೇ ಫೆರಿಟಿನ್ ಅನ್ನು ಏರಿಸುವುದರಿಂದ ಈ ಎರಡು ಗಡಿ. ಮದ್ಯದಿಂದ ಊದಿಕೊಂಡ ಯಕೃತ್ತೂ ಫೆರಿಟಿನ್ ಅನ್ನು ರಕ್ತಕ್ಕೆ ಸೋರಿಸುತ್ತದೆ. ಹೀಗಾಗಿ ಕುಡಿಯುವವನ ಫೆರಿಟಿನ್ 600 ಬಂದರೆ ಅಷ್ಟೂ ಕಬ್ಬಿಣದ ದಾಸ್ತಾನು ಎಂದು ತಿಳಿಯುವಂತಿಲ್ಲ.

ಅದಕ್ಕೇ ಟ್ರಾನ್ಸ್‌ಫೆರಿನ್ ಗಾಡಿಯಲ್ಲಿ ಎಷ್ಟು ಭಾಗ ತುಂಬಿದೆ ಎಂಬುದನ್ನೂ ನೋಡುತ್ತಾರೆ. ಸಾಮಾನ್ಯವಾಗಿ ಇದು ಶೇ 20ರಿಂದ 45. ಯಕೃತ್ತು ಸೋತವರಲ್ಲಿ ಗಾಡಿಗಳೇ ಕಡಿಮೆಯಾಗುವುದರಿಂದ ಈ ಅಂಕಿಯೂ ಸುಳ್ಳು ಏರಿಕೆ ತೋರಬಹುದು. ಜೊತೆಗೆ ಕೆಂಪುಕಣದ ಗಾತ್ರ, ಯಕೃತ್ತಿನ ಜಿಜಿಟಿ ಕಿಣ್ವ, ಉರಿಯೂತದ ಸಿಆರ್‌ಪಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕಬ್ಬಿಣದ ಕೊರತೆಯಲ್ಲಿ ಕಣಗಳು ಚಿಕ್ಕದಾಗುತ್ತವೆ, ಕುಡಿತದಲ್ಲಿ ದೊಡ್ಡದಾಗುತ್ತವೆ. ಎರಡೂ ಸೇರಿದರೆ ಸರಾಸರಿ ಗಾತ್ರ ಸರಿಯಾಗಿಯೇ ಇದೆ ಎಂದು ವರದಿ ಹೇಳೀತು. ಸುಣ್ಣ ಅರಿಶಿನ ಬೆರೆತು ಮೂರನೆಯ ಬಣ್ಣ ಬಂದಂತೆ.

ಕುಡಿತ ಬಿಟ್ಟ ಮೇಲೆ

ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಮೊದಲ ಕೆಲವು ದಿನ ಅಪಾಯಕಾರಿ. ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು, ದಿಕ್ಕುತಪ್ಪಿ ಮಾತನಾಡುವುದು ಬರಬಹುದು. ಇದು ಪ್ರಾಣಕ್ಕೂ ಸಂಚಕಾರ. ಬಿ1 ವಿಟಮಿನ್ ಮತ್ತು ವೈದ್ಯರ ನಿಗಾ ಈ ಹೊತ್ತಿನಲ್ಲಿ ಕಬ್ಬಿಣಕ್ಕಿಂತ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಜಿಲ್ಲೆಯಲ್ಲಿ 2016ರಲ್ಲಿ ಆರಂಭವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ.

ರಕ್ತ ಮಾತ್ರ ಬೇಗ ಚೇತರಿಸಿಕೊಳ್ಳುತ್ತದೆ. ಒಂದು ವಾರದೊಳಗೆ ಮಜ್ಜೆ ಎಳೆಯ ಕೆಂಪುಕಣಗಳನ್ನು ಹೊರಬಿಡತೊಡಗುತ್ತದೆ, ಕುಸಿದಿದ್ದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಸಂಖ್ಯೆ ಏರುತ್ತದೆ, ನಿಂತಿದ್ದ ಕಬ್ಬಿಣ ಬಳಕೆಯಾಗಿ ರಕ್ತದ ಕಬ್ಬಿಣದ ಅಂಕಿ ಇಳಿಯುತ್ತದೆ. ಈ ಇಳಿಕೆಯನ್ನು ಕಂಡು ‘ಬಿಟ್ಟ ಮೇಲೆ ಕಬ್ಬಿಣ ಕಮ್ಮಿಯಾಯಿತು’ ಎಂದು ಗಾಬರಿಯಾಗಬೇಕಿಲ್ಲ, ಅದು ಕಾರ್ಖಾನೆ ಮತ್ತೆ ಶುರುವಾದ ಸದ್ದು. ಮಜ್ಜೆಯ ನೀಲಿ ಉಂಗುರಗಳು ಒಂದೆರಡು ವಾರದಲ್ಲಿ ಮಾಯವಾಗುತ್ತವೆ. ಜಿಜಿಟಿ ಎರಡು ಮೂರು ವಾರಕ್ಕೊಮ್ಮೆ ಅರ್ಧದಷ್ಟಾಗುತ್ತ ಬರುತ್ತದೆ. ಯಕೃತ್ತಿನ ಊತದಿಂದ ಏರಿದ್ದ ಫೆರಿಟಿನ್ ಕೆಲವು ವಾರಗಳಲ್ಲಿ ಎದ್ದುಕಾಣುವಷ್ಟು ಇಳಿಯುತ್ತದೆ. ದೊಡ್ಡದಾಗಿದ್ದ ಕೆಂಪುಕಣಗಳ ಗಾತ್ರ ಸರಿಹೋಗಲು ಎರಡರಿಂದ ನಾಲ್ಕು ತಿಂಗಳು ಬೇಕು, ಏಕೆಂದರೆ ಹಳೆಯ ಕಣಗಳು ಆಯುಸ್ಸು ಮುಗಿಸಿ ಹೋಗಬೇಕು.

ಬಿಟ್ಟು ಒಂದೂವರೆ ತಿಂಗಳಿನಿಂದ ಮೂರು ತಿಂಗಳಾದರೂ ಫೆರಿಟಿನ್ ಇಳಿಯದೆ, ಟ್ರಾನ್ಸ್‌ಫೆರಿನ್ ತುಂಬುವಿಕೆಯೂ ಶೇ 45 ಮೀರಿದ್ದರೆ ಆಗ ನಿಜವಾದ ದಾಸ್ತಾನನ್ನು ಹುಡುಕಬೇಕು. ಯುರೋಪಿನ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಕಬ್ಬಿಣ ಕೂಡಿಹಾಕುವ ಆನುವಂಶಿಕ ಕಾಯಿಲೆ ಹಿಮೋಕ್ರೊಮಟೋಸಿಸ್‌ನ ಸಿ282ವೈ ಎಂಬ ಜೀನು ಮಾರ್ಪಾಡು ಭಾರತದಲ್ಲಿ ಬಹಳ ಅಪರೂಪ. ಇಲ್ಲಿ ಯಕೃತ್ತಿನ ಕಾಯಿಲೆ, ಥಲಸ್ಸೇಮಿಯ, ಕುಡುಗೋಲುಕಣ, ಹಿಂದೆ ಹಾಕಿಸಿಕೊಂಡ ರಕ್ತ ಇವನ್ನೆಲ್ಲ ಮೊದಲು ನೋಡಬೇಕಾಗುತ್ತದೆ. ದಾಸ್ತಾನು ಖಚಿತವಾಗಿ, ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ವೈದ್ಯರು ರಕ್ತ ತೆಗೆಯುವ ಚಿಕಿತ್ಸೆ ಮಾಡಬಹುದು. ಒಂದು ಬಾರಿ 450 ಮಿಲಿಲೀಟರ್ ತೆಗೆದರೆ 200 ಮಿಲಿಗ್ರಾಂಗೂ ಮಿಕ್ಕಿ ಕಬ್ಬಿಣ ಹೊರಹೋಗುತ್ತದೆ. ಫೆರಿಟಿನ್ ತಳ ಸೇರಿದ್ದರೆ ಮೊದಲು ರಕ್ತ ಸೋರುವ ಜಾಗ ಹುಡುಕಿ, ಬಳಿಕ ಮಾತ್ರೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ರಾಜ್ಯದ ನಾನಾ ಕಡೆ ನಡೆಸುವ ಮದ್ಯವರ್ಜನ ಶಿಬಿರ ಸಾಮಾನ್ಯವಾಗಿ ಎಂಟು ದಿನದ್ದು. ಬಿಟ್ಟವರನ್ನು ‘ನವಜೀವನ’ ಸದಸ್ಯರೆಂದು ಕರೆದು ಮುಂದೆಯೂ ಸಭೆ ಸೇರಿಸುತ್ತಾರೆ. ರಕ್ತದ ಪಂಚಾಂಗದಲ್ಲಿ ಈ ಎಂಟು ದಿನ ಮಜ್ಜೆ ಎಚ್ಚರಗೊಳ್ಳುವಷ್ಟು ಕಾಲ, ಫೆರಿಟಿನ್ ಇಳಿಯತೊಡಗುವಷ್ಟು ಕಾಲ. ಮೊದಲ ಪರೀಕ್ಷೆ ಶಿಬಿರದ ಹೊತ್ತಿಗೆ, ಎರಡನೆಯದು ಆರನೆಯ ವಾರ, ಮೂರನೆಯದು ನಾಲ್ಕು ತಿಂಗಳಿಗೆ ಮಾಡಿಸಿದರೆ ಮೂರು ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಬಹುದು. ಆ ಮೂರನೆಯ ಪರೀಕ್ಷೆಯ ಹೊತ್ತಿಗೆ, ಶಿಬಿರದ ಮೊದಲ ದಿನ ಮಜ್ಜೆಯಿಂದ ಹೊರಬಂದ ಕೆಂಪುಕಣ ತನ್ನ 120 ದಿನ ಮುಗಿಸಿ ಗುಲ್ಮದಲ್ಲಿ ಒಡೆಯುತ್ತಿರುತ್ತದೆ. ಅದರ ಕಬ್ಬಿಣ ಹೊಸ ಕಣವೊಂದಕ್ಕೆ ಹೋಗುತ್ತದೆ.